ಎರಡು ಸಲ ಒತ್ತಿದ ಚೌಕ

ಬೂದು ಬಣ್ಣ ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹುಟ್ಟಿದ್ದು ಹೊಳೆನರಸೀಪುರದಲ್ಲಾದರೂ ನಾನು ಕೆಲಸ ಕಲಿತದ್ದು ಚನ್ನರಾಯಪಟ್ಟಣದಲ್ಲಿ, ಹೆದ್ದಾರಿ ಪಕ್ಕದ ಒಂದು ಬೋರ್ಡ್ ಬರೆಯುವ ಅಂಗಡಿಯಲ್ಲಿ. ಅಲ್ಲಿ ಬೂದು ಎಂದರೆ ದಿನದ ಕೊನೆಗೆ ಕುಂಚ ತೊಳೆದ ಡಬ್ಬದ ತಳದಲ್ಲಿ ಉಳಿಯುವ ಕೊಳಕು. ಅದನ್ನು ಮಾನವಂತ ಯಾವನೂ ಬೋರ್ಡಿಗೆ ಬಳಿಯುವುದಿಲ್ಲ. ಅಂಥವನು ಮುಂದೆ ಕಂಪ್ಯೂಟರ್ ಕಲಿತು ವೆಬ್‌ಸೈಟ್ ಮಾಡುವವನಾದಾಗ, ಅರ್ಜಿಗಳಲ್ಲಿ ಟಿಕ್ ಹಾಕಲೆಂದು ಇರುವ ಆ ಪುಟಾಣಿ ಬೂದು ಚೌಕಗಳು ಎದುರಾದವು. ಒಂದು ಬ್ರೌಸರಿನಲ್ಲಿ ಚಪ್ಪಟೆ, ಇನ್ನೊಂದರಲ್ಲಿ ಉಬ್ಬು, ಮತ್ತೊಂದರಲ್ಲಿ ಅರ್ಧ ಅಕ್ಷರದಷ್ಟು ಕೆಳಗೆ ಜಾರಿ ಕೂತಿರುತ್ತದೆ. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಚನ್ನರಾಯಪಟ್ಟಣದ ನನ್ನ ಗುರು ದೊಡ್ಡ ಮಾತುಗಾರರಲ್ಲ. ಬೀಡಿ ಕಚ್ಚಿಕೊಂಡೇ ಬೈಯುತ್ತಿದ್ದರು. ಅವರದೊಂದು ನಿಯಮವಿತ್ತು: ಬೋರ್ಡ್ ಮುಗಿಯಿತು ಅನ್ನಿಸಿದ ಮೇಲೆ ಏಣಿ ಇಳಿದು, ರಸ್ತೆ ದಾಟಿ, ಎದುರು ಬದಿಯಲ್ಲಿ ನಿಂತು ನೋಡಬೇಕು. ನೋಡುವ ತನಕ ಕುಂಚ ತೊಳೆಯುವ ಹಾಗಿಲ್ಲ. ನಾನು ಒಂದು ಸಲ ಸೋಮಾರಿತನದಿಂದ ಏಣಿಯ ಕೆಳಗಿನಿಂದಲೇ ಕತ್ತೆತ್ತಿ ನೋಡಿ ಕುಂಚ ತೊಳೆದುಬಿಟ್ಟೆ.

"ಲೇ, ನಿನ್ನ ಮೂಗಿನ್ ಮುಂದೆ ಚೆಂದಾಗ್ ಕಂಡ್ರೆ ಏನ್ ಬಂತ್ಲಾ?" ಅಂದರು. "ಬೋರ್ಡ್ ಓದೋನು ಏಣಿ ಮೇಲ್ ನಿಂತ್ಕಂಡ್ ಓದ್ತಾನಾ? ಓಗ್, ರಸ್ತೆ ದಾಟು."

ಅವತ್ತಿನಿಂದ ನಾನು ದಾಟದ ರಸ್ತೆ ಇರಲಿಲ್ಲ. ಶಾಂತಿಗ್ರಾಮದಲ್ಲಿ ಹಾಲಿನ ಡೈರಿಯ ಬೋರ್ಡ್ ಬರೆದಾಗ ಹೆದ್ದಾರಿಯ ಬಸ್ಸುಗಳ ನಡುವೆ ನಾಲ್ಕು ಸಲ ಅತ್ತಿಂದಿತ್ತ ಓಡಿದ್ದೇನೆ. ಒಬ್ಬ ಡ್ರೈವರಂತೂ ಬಸ್ ನಿಲ್ಲಿಸಿ, "ಸಾಯಕ್ಕೆ ನಮ್ ಬಸ್ಸೇ ಬೇಕಿತ್ತೇನಯ್ಯಾ ನಿನಗೆ?" ಎಂದು ಕೇಳಿ ಹೋದ.

ನನ್ನ ಅಣ್ಣನದು ಅರಕಲಗೂಡಿನಲ್ಲಿ ಹಿಟ್ಟಿನ ಗಿರಣಿ. ಅವನಿಗೆ ಒಬ್ಬಳೇ ಮಗಳು. ತೊಂಬತ್ತರ ದಶಕದ ಶುರುವಿನಲ್ಲಿ ಅವಳಿಗೆ ಆರೋ ಏಳೋ ವರ್ಷ. ರಜೆಯಲ್ಲಿ ಹೊಳೆನರಸೀಪುರಕ್ಕೆ ಬಂದರೆ ಬಣ್ಣದ ಡಬ್ಬ ಹಿಡಿದುಕೊಂಡು ನನ್ನ ಹಿಂದೆಯೇ ಸುತ್ತುತ್ತಿದ್ದಳು. ಆಗ ಅಲ್ಲಿ ಒಂದು ಬಟ್ಟೆ ಅಂಗಡಿಗೆ ಬೋರ್ಡ್ ಬರೆದೆ. ಕೆನೆ ಬಣ್ಣದ ಹಿನ್ನೆಲೆ, ಮೇಲೆ ಹೊಂಬಣ್ಣದ ಅಕ್ಷರ, ಅಂಚಿಗೆ ಕೂದಲೆಳೆಯಷ್ಟು ಕಂದು ಗೆರೆ. ಅಂಗಡಿಯವರು, ಪಕ್ಕದ ಬಳೆ ಅಂಗಡಿಯವರು, ಎಲ್ಲ ಬೀದಿಗಿಳಿದು ಹೊಗಳುತ್ತಿದ್ದರು. ನಾನು ಉಬ್ಬಿ ಹೋಗಿ, ಮಗುವನ್ನು ರಸ್ತೆಯಾಚೆ ಕರೆದುಕೊಂಡು ಹೋಗಿ ನಿಲ್ಲಿಸಿ, "ಎಂಗೈತೆ ಹೇಳು" ಅಂದೆ.

ಅವಳು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. "ಚಿಕ್ಕಪ್ಪ, ನೀನಿನ್ನೂ ಬರ್ದೇ ಇಲ್ವಲ್ಲ" ಅಂದಳು.

ಬೀದಿಯೇ ನಕ್ಕಿತು. ನನಗೆ ಅವಮಾನವಾಯಿತು. ಆರು ವರ್ಷದ ಮಗುವಿನ ಮುಂದೆ ಸೋತವನ ಹಾಗೆ ರೇಗಿ, "ಬೋರ್ಡ್ ಚೆನ್ನಾಗೇ ಐತೆ. ನಿನ್ ಕಣ್ಣೇ ಸರಿ ಇಲ್ಲ" ಎಂದುಬಿಟ್ಟೆ. ಅವಳು ಡಬ್ಬ ಕೆಳಗಿಟ್ಟಳು. ಆಮೇಲೆ ತಿಂಗಳೊಪ್ಪತ್ತಿನಲ್ಲಿ ಶಾಲೆಯವರು ಹೇಳಿದರೆಂದು ಅಣ್ಣ ಅವಳನ್ನು ಹಾಸನದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ. ಕಣ್ಣಿನ ಹಿಂದಿನ ಪರದೆ ಹುಟ್ಟಿನಿಂದಲೇ ದುರ್ಬಲ, ಕನ್ನಡಕದಿಂದ ಹೆಚ್ಚೇನೂ ಆಗುವುದಿಲ್ಲ ಅಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವಳು ಮತ್ತೆಂದೂ ನನ್ನ ಬೋರ್ಡುಗಳ ಬಗ್ಗೆ ಅಭಿಪ್ರಾಯ ಹೇಳಲಿಲ್ಲ. ಏನು ತೋರಿಸಿದರೂ "ಚೆನ್ನಾಗೈತೆ ಚಿಕ್ಕಪ್ಪ" ಅನ್ನುತ್ತಿದ್ದಳು. ನಾನು ಅದನ್ನು ಹೊಗಳಿಕೆ ಅಂದುಕೊಂಡೆ.

ಆಮೇಲೆ ಫ್ಲೆಕ್ಸ್ ಬಂತು. ಬೆಳಗ್ಗೆ ಹೇಳಿದರೆ ಸಂಜೆಗೆ ಹತ್ತಡಿ ಬೋರ್ಡ್, ಅದರಲ್ಲಿ ಬೇಕಾದರೆ ಮಾಲೀಕರ ಮುಖವೂ ಇರುತ್ತಿತ್ತು. ನಮ್ಮನ್ನು ಯಾರು ಕೇಳುತ್ತಾರೆ? ಗುರು ಅಂಗಡಿ ಮುಚ್ಚಿದರು. ಹೆಣ್ಣು ನೋಡಲು ಹೋದ ಮನೆಗಳಲ್ಲಿ ಮೊದಲು "ಬೋರ್ಡ್ ಬರೆಯೋನಾ?" ಎಂದು ಮೂಗು ಮುರಿಯುತ್ತಿದ್ದರು, ಆಮೇಲೆ "ಈಗ ಅದೂ ಇಲ್ವಂತಲ್ಲ" ಅಂದರು. ನಾನು ಹಾಸನಕ್ಕೆ ಬಂದು, ಮೀಸೆ ಚಿಗುರದ ಹುಡುಗರ ಜತೆ ಬೆಂಚಿನಲ್ಲಿ ಕೂತು ಕಂಪ್ಯೂಟರ್ ಕಲಿತೆ. ಕೊನೆಗೆ ವೆಬ್‌ಸೈಟ್ ಮಾಡುವ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಷ್ಟರಲ್ಲಿ ಹೆಣ್ಣು ನೋಡುವ ವಯಸ್ಸು ದಾಟಿತ್ತು.

ಮಹಡಿ ಮೇಲೆ ಒಂದು ರೂಮು, ಒಂದು ಸ್ಟೌ, ಒಂದು ಚಾಪೆ. ವಾರವೆಲ್ಲ ಹೇಗೋ ಕಳೆಯುತ್ತಿತ್ತು, ಭಾನುವಾರ ಮಾತ್ರ ಉದ್ದವಾಗುತ್ತಿತ್ತು. ಕೆಳಗಿನ ಮನೆಯಲ್ಲಿ ಒಗ್ಗರಣೆ ಹಾಕಿದ ಸದ್ದಾದರೆ ನಾನು ಕಿಟಕಿ ಮುಚ್ಚುತ್ತಿದ್ದೆ. ಹೊಟ್ಟೆಕಿಚ್ಚು ಅನ್ನಿ, ಏನಾದರೂ ಅನ್ನಿ. ಯಾರಿಗಾದರೂ ಒಂದು ಮಾತು ಹೇಳಬೇಕು ಅನ್ನಿಸಿದಾಗ ನಾನು ಅರಕಲಗೂಡಿಗೆ ಫೋನ್ ಮಾಡುತ್ತಿದ್ದೆ. ಅಣ್ಣನಿಗೆ ಗಿರಣಿಯ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಅವನು ಫೋನನ್ನು ಮಗಳ ಕೈಗೆ ಕೊಡುತ್ತಿದ್ದ.

"ಇವತ್ತೇನ್ ಮಾಡಿದೆ ಚಿಕ್ಕಪ್ಪ?" ಎಂದು ಕೇಳುತ್ತಿದ್ದವಳು ಇಡೀ ಜಗತ್ತಿನಲ್ಲಿ ಅವಳೊಬ್ಬಳೇ.

ಅವಳು ಪಿಯುಸಿ ಮುಗಿಸಿದ್ದೇ ತಡವಾಗಿ. ಪುಸ್ತಕವನ್ನು ಮೂಗಿಗೆ ತಾಗಿಸಿ ಓದಬೇಕು, ಹತ್ತು ನಿಮಿಷಕ್ಕೆ ತಲೆನೋವು. ಪರೀಕ್ಷೆಗಳಲ್ಲಿ ಅವಳಿಗೆ ಬರಹಗಾರರನ್ನು ಕೊಡುತ್ತಿದ್ದರು. ಅಂದರೆ ಪಕ್ಕದಲ್ಲಿ ಒಬ್ಬರು ಕೂತು ಪ್ರಶ್ನೆ ಓದಿ ಹೇಳುತ್ತಾರೆ, ಇವಳು ಬಾಯಲ್ಲಿ ಉತ್ತರ ಹೇಳುತ್ತಾಳೆ, ಅವರು ಬರೆಯುತ್ತಾರೆ. ಹಾಗೆ ಬರೆದು ಒಳ್ಳೆ ಅಂಕ ತೆಗೆದಿದ್ದಳು. ಅವಳಿಗೆ ಟೀಚರ್ ಆಗಬೇಕೆಂಬ ಆಸೆ. ಆಸೆ ಏನು, ಆಗಲೇ ಆಗಿದ್ದಳು. ರಾಗಿ ಬೀಸಿಸಲು ಬಂದ ಮಕ್ಕಳು ಸರದಿ ಕಾಯುತ್ತ ಕೂತರೆ, ಗಿರಣಿಯ ಕಟ್ಟೆ ಮೇಲೆ ಅವರಿಗೆ ಮಗ್ಗಿ ಹೇಳಿಕೊಡುತ್ತಿದ್ದಳು. ಹಿಟ್ಟು ತೆಗೆದುಕೊಂಡು ಮನೆಗೆ ಹೋಗುವಷ್ಟರಲ್ಲಿ ಮಗುವಿಗೆ ಹದಿಮೂರರ ಮಗ್ಗಿ ಬಂದಿರುತ್ತಿತ್ತು. "ಇವ್ಳ ಕಾಟಕ್ಕೆ ಹೈಕ್ಳು ಬೇರೆ ಗಿರಣಿಗೆ ಓಗ್ಬುಡ್ತಾರೆ" ಎಂದು ಅಣ್ಣ ಗೊಣಗುತ್ತಿದ್ದ. ಯಾರೂ ಹೋಗಲಿಲ್ಲ.

ಆಫೀಸಿನಲ್ಲಿ ಹಳೆಯ ಕಂಪ್ಯೂಟರುಗಳನ್ನು ತೆಗೆದಾಗ ಒಂದನ್ನು ನಾನು ಕೇಳಿ ಪಡೆದು ಅವಳಿಗೆ ಕೊಟ್ಟೆ. ಮುಂದಿನ ಸಲ ಹೋದಾಗ ನೋಡಿದರೆ ಪರದೆಯೆಲ್ಲ ಕಗ್ಗಪ್ಪು, ಅದರ ಮೇಲೆ ಕುಂಬಳಕಾಯಿ ಗಾತ್ರದ ಹಳದಿ ಅಕ್ಷರ. ಕಣ್ಣು ಮಂದವಿರುವವರಿಗಾಗಿ ಯಂತ್ರದೊಳಗೇ ಇರುವ ಏರ್ಪಾಟು ಅದು. ಎಲ್ಲ ಬಣ್ಣಗಳನ್ನೂ ತೆಗೆದು ಕಪ್ಪು ಹಳದಿ ಎರಡನ್ನೇ ಉಳಿಸುತ್ತದೆ. ತಾನೇ ಹುಡುಕಿ ಹಾಕಿಕೊಂಡಿದ್ದಳು.

"ಏನೇ ಇದು, ಅಮಾಸೆ ಮಾಡ್ಕಂಡಿದ್ದೀಯ?" ಅಂದೆ.

"ಇದ್ರಲ್ಲಿ ನಂಗೆ ಕಾಣ್ತೈತೆ ಚಿಕ್ಕಪ್ಪ" ಅಂದಳು. ನಾನು ನಕ್ಕು ಸುಮ್ಮನಾದೆ. ಆ ಪರದೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿಲ್ಲ.

ಹಾಸನದ ಒಂದು ಶಿಕ್ಷಕರ ತರಬೇತಿ ಸಂಸ್ಥೆ ಪ್ರವೇಶ ಪರೀಕ್ಷೆಯ ಅರ್ಜಿಯನ್ನು ಮೊದಲ ಬಾರಿಗೆ ವೆಬ್‌ಸೈಟಿನಲ್ಲಿ ಹಾಕಬೇಕೆಂದು ನಮ್ಮ ಆಫೀಸಿಗೆ ಬಂತು. ಕೆಲಸ ನನಗೇ ಸಿಕ್ಕಿತು. ಅವರ ವಯಸ್ಸಿನ ಮಿತಿ ನೋಡಿ ಬೆರಳು ಎಣಿಸಿದೆ. ಅಣ್ಣನ ಮಗಳಿಗೆ ಆ ವರ್ಷವೇ ಮೊದಲ ಸಲ, ಆ ವರ್ಷವೇ ಕೊನೆ. ಮರುವರ್ಷಕ್ಕೆ ವಯಸ್ಸು ಎರಡು ತಿಂಗಳು ಹೆಚ್ಚಾಗಿಬಿಡುತ್ತದೆ. ಅವಳಿಗೆ ಫೋನ್ ಮಾಡಿ ಹೇಳಿದೆ. ಕೊನೆಯ ದಿನ ಯಾವುದೆಂದು ಕೇಳಿಕೊಂಡಳು. ಆಮೇಲೆ, "ಬರೀತೀನಿ ಚಿಕ್ಕಪ್ಪ. ಅರ್ಜಿನೂ ನಾನೇ ತುಂಬ್ತೀನಿ" ಅಂದಳು.

ಇದನ್ನು ಸ್ವಲ್ಪ ಹೇಳಬೇಕು. ನಮ್ಮ ಕಡೆ ಅರ್ಜಿಯನ್ನು ಯಾರೂ ತಾವೇ ತುಂಬುವುದಿಲ್ಲ. ತಾಲ್ಲೂಕು ಕಚೇರಿ ಮುಂದೆ ಮರದಡಿ ಟೈಪ್ ಮಾಡುವವರು ಇರುತ್ತಾರೆ, ಅಥವಾ ಸೈಬರ್ ಸೆಂಟರಿನವನು ಇರುತ್ತಾನೆ. ನಾವು ಹೇಳುತ್ತೇವೆ, ಅವರು ತುಂಬುತ್ತಾರೆ. ಕಣ್ಣು ಚೆನ್ನಾಗಿರುವವರೇ ಹೀಗೆ. ಇನ್ನು ಅವಳಂತೂ ಹುಟ್ಟಿದಾಗಿನಿಂದ ಎಲ್ಲಿಗೆ ಹೋದರೂ ಅಪ್ಪನ ಹಿಂದೆ ನಿಂತು, "ಅವ್ಳಿಗೆ ಕಾಣಲ್ಲ ಸಾ, ನಾನೇ ಹೇಳ್ತೀನಿ ಬರ್ಕಳಿ" ಅನ್ನುವುದನ್ನು ಕೇಳಿಸಿಕೊಂಡವಳು. ಒಂದೇ ಒಂದು ಸಲ ತನ್ನ ಹೆಸರನ್ನು ತಾನೇ ತುಂಬಬೇಕೆಂದು ಅವಳಿಗೆ ಹಟ.

ಸಂಸ್ಥೆಯ ಹಳೆ ಕಾಗದದ ಅರ್ಜಿಯಲ್ಲಿ ಬರಹಗಾರರ ವಿಷಯವೇ ಇರಲಿಲ್ಲ. ಬೇಕಾದವರು ಬೇರೆ ಪತ್ರ ಬರೆಯಬೇಕಿತ್ತು. ನಾನೇ ಹಿಂದೆ ಬಿದ್ದು, "ನನಗೆ ಬರಹಗಾರರ ಸಹಾಯ ಬೇಕು" ಎಂಬ ಸಾಲು ಸೇರಿಸಿ ಪಕ್ಕದಲ್ಲಿ ಟಿಕ್ ಹಾಕುವ ಚೌಕ ಇಡಿಸಿದೆ. ಉಳಿದದ್ದೆಲ್ಲ ಅಕ್ಷರ ತುಂಬುವ ಜಾಗಗಳು. ಟಿಕ್ ಹಾಕುವ ಚೌಕ ಇಡೀ ಅರ್ಜಿಯಲ್ಲಿ ಅದೊಂದೇ. ಅದು ಅವಳಿಗಾಗಿ ಇಟ್ಟದ್ದು. ಅವಳಿಗಾಗಿ ಇಟ್ಟದ್ದು ಬೂದು ಬಣ್ಣದಲ್ಲಿರುವುದೇ? ಛೆ!

ಒಂದು ವಾರ ಆ ಚೌಕದ ಮೇಲೆ ಕೂತೆ. ವೀಳ್ಯದೆಲೆಯ ಹಸಿರು, ಸುತ್ತ ಹಿತ್ತಾಳೆ ಬಣ್ಣದ ಅಂಚು. ಟಿಕ್ ಗುರುತನ್ನು ಹಳೆಯ ಕುಂಚ ತೆಗೆದು ಕಾಗದದ ಮೇಲೆ ನಿಜವಾಗಿ ಎಳೆದು, ಸ್ಕ್ಯಾನ್ ಮಾಡಿ ಚಿತ್ರ ಮಾಡಿದೆ. ಬ್ರೌಸರು ಕೊಡುವ ನಿಜವಾದ ಚೌಕಕ್ಕೆ ಬಣ್ಣ ಬಳಿಯಲು ಬರುವುದಿಲ್ಲ. ಹಾಗಾಗಿ ಅದನ್ನು ಪರದೆಯಿಂದಾಚೆಗೆ, ಕಣ್ಣಿಗೆ ಬೀಳದಷ್ಟು ದೂರಕ್ಕೆ ತಳ್ಳಿಬಿಡುವುದು. ಅದು ಇದ್ದ ಜಾಗದಲ್ಲಿ ನನ್ನ ಚಿತ್ರವನ್ನು ಹಿನ್ನೆಲೆಯಾಗಿ ಕೂರಿಸುವುದು. ಜನ ಸಾಲಿನ ಮೇಲೆ ಒತ್ತಿದರೆ ಮರೆಯಲ್ಲಿರುವ ನಿಜವಾದ ಚೌಕಕ್ಕೆ ಟಿಕ್ ಬೀಳುತ್ತದೆ, ಮುಂದೆ ನನ್ನ ಚಿತ್ರ ಬದಲಾಗುತ್ತದೆ. ಆ ಕಾಲಕ್ಕೆ ಎಲ್ಲರೂ ಮಾಡುತ್ತಿದ್ದ ಉಪಾಯವೇ.

"ಒಂದು ಚೌಕಕ್ಕೆ ಒಂದು ವಾರವೇನ್ರೀ? ಬೇಲೂರು ದೇವಸ್ಥಾನ ಕಟ್ತಿದ್ದೀರಾ?" ಎಂದು ಆಫೀಸಿನ ಮಾಲೀಕರು ಹಂಗಿಸಿದರು.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಫೀಸಿನ ಮೂರು ಬ್ರೌಸರುಗಳಲ್ಲೂ ನೋಡಿದೆ. ಹಳೆಯ ಬ್ರೌಸರೊಂದು ಅಂಚನ್ನು ಎರಡು ಚುಕ್ಕಿ ಅತ್ತ ತಳ್ಳುತ್ತಿತ್ತು, ಅದಕ್ಕೊಂದು ಮದ್ದು ಹುಡುಕಿದೆ. ಪಕ್ಕದ ಬೀದಿಯ ಸೈಬರ್ ಸೆಂಟರಿಗೂ ಹೋಗಿ ನೋಡಿದೆ. ಎಲ್ಲ ಕಡೆಯೂ ಅದೇ ಹಸಿರು, ಅದೇ ಹಿತ್ತಾಳೆ. ರಸ್ತೆ ದಾಟಿದ್ದೇನೆ ಅಂದುಕೊಂಡೆ. ಅವಳಿಗೆ ಫೋನ್ ಮಾಡಿ ಆ ಚೌಕದ ಚೆಂದವನ್ನು ಹೊಗಳಿದ್ದೇ ಹೊಗಳಿದ್ದು. ಎರಡು ದಿನ ಬಿಟ್ಟು ಅವಳು ಅರ್ಜಿ ಕಳಿಸಿದೆ ಅಂದಳು.

"ಎಂಗಿತ್ತು?" ಅಂದೆ.

"ಚೆನ್ನಾಗಿತ್ತು ಚಿಕ್ಕಪ್ಪ."

ಪರೀಕ್ಷೆಯ ದಿನ ಅವಳು ಗೊರೂರಿನ ಮೇಲಿಂದ ಬರುವ ಬಸ್ಸಿನಲ್ಲಿ ಒಬ್ಬಳೇ ಬಂದಳು. ಅತ್ತಿಗೆ ಜತೆಗೆ ಬರುತ್ತೇನೆಂದರೂ ಬೇಡ ಅಂದಿದ್ದಳಂತೆ. ಗಂಜಿ ಹಾಕಿದ ಹಸಿರು ಕಾಟನ್ ಸೀರೆ. "ಟೀಚರ್ ಥರಾನೇ ಕಾಣ್ತೀಯ" ಅಂದೆ. ಅವಳು ನಾಚಿಕೊಂಡು ಸೆರಗು ಸರಿ ಮಾಡಿಕೊಂಡಳು. ಅವತ್ತು ನನಗಾದ ಸಂತೋಷವನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಪರೀಕ್ಷೆಯ ಕಟ್ಟಡದವರೆಗೆ ನಡೆದುಕೊಂಡೇ ಹೋದೆವು. ಗೇಟಿನ ಹತ್ತಿರ ಅವಳನ್ನು ಒಳಗೆ ಕಳಿಸಿ, ಎದುರಿನ ಬೇಕರಿಯಲ್ಲಿ ಕೂತೆ.

ಕಾಲು ಗಂಟೆಗೆ ಗೇಟಿನ ಹತ್ತಿರ ನನ್ನನ್ನು ಕರೆದರು. ಒಳಗೆ ಮೇಲ್ವಿಚಾರಕರೊಬ್ಬರು ಪಟ್ಟಿ ಹಿಡಿದು ನಿಂತಿದ್ದರು. ಬರಹಗಾರರು ಬೇಕು ಎಂದವರ ಪಟ್ಟಿಯಲ್ಲಿ ಅವಳ ನಂಬರ್ ಇರಲಿಲ್ಲ. ಪಕ್ಕದಲ್ಲಿ ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

"ಅರ್ಜಿಲಿ ಕೇಳಿಲ್ವಲ್ಲ ಸ್ವಾಮಿ. ಈಗ ಹೇಳಿದ್ರೆ ಎಲ್ಲಿಂದ ತರೋದು? ಮೇಲಿನೋರ ಅನುಮತಿ ಆಗ್ಬೇಕು" ಅಂದರು. ಕೆಟ್ಟವರಲ್ಲ ಅವರು. ಇಬ್ಬರಿಗೆ ಫೋನ್ ಮಾಡಿ ನೋಡಿದರು, ಆಗಲಿಲ್ಲ. ಬೇಕಾದರೆ ತಾನೇ ಬರೆಯಲಿ, ಕಿಟಕಿ ಪಕ್ಕದ ಜಾಗ ಕೊಡುತ್ತೇವೆ ಅಂದರು.

ಅವಳು ತಾನೇ ಬರೆದಳು. ಎಲ್ಲರೂ ಹೊರಗೆ ಬಂದ ಮೇಲೆ ಕೊನೆಗೆ ಬಂದಳು. ಹಣೆಯ ಮೇಲೆ, ಮೂಗಿನ ತುದಿಯಲ್ಲಿ ಶಾಯಿ. ಮೂರರಲ್ಲಿ ಒಂದು ಪಾಲು ಪ್ರಶ್ನೆಗಳನ್ನಷ್ಟೇ ಓದಲು ಆಗಿತ್ತು.

ನಾನು ಆಗ ಏನು ಮಾಡಬೇಕಿತ್ತು? ಒಂದು ಲೋಟ ನೀರು ಕೊಡಬೇಕಿತ್ತು. ಹೆಗಲ ಮೇಲೆ ಕೈ ಇಡಬೇಕಿತ್ತು. ನಾನು ಮಾಡಿದ್ದು ಬೈದದ್ದು.

"ಒಂದು ಟಿಕ್ ಹಾಕಕ್ಕೆ ಏನಾಗಿತ್ತೇ ನಿನಗೆ? ನಾನೇ ತುಂಬ್ತೀನಿ ನಾನೇ ತುಂಬ್ತೀನಿ ಅಂತ ಕುಣಿದ್ಯಲ್ಲ! ಅಷ್ಟ್ ದೊಡ್ಡ ಹಸಿರು ಚೌಕ ಕಾಣ್ಲಿಲ್ವಾ? ಸೈಬರ್ ಸೆಂಟರ್ನೋನ್ ಕೈಲಿ ತುಂಬಿಸಿದ್ರೆ ಏನ್ ಗಂಟ್ ಓಯ್ತಿತ್ತು?"

ಬೇಕರಿಯವನು, ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು. ಅವಳು ಒಂದೇ ಒಂದು ಮಾತು ಆಡಿದಳು. "ನಂದೇ ತಪ್ಪಿರ್ಬೇಕು ಚಿಕ್ಕಪ್ಪ." ಬಸ್ ಹತ್ತಿಸಿದೆ. ಕಿಟಕಿಯಿಂದ ಕೈ ಬೀಸುವಳೆಂದು ಕಾದೆ. ಅವಳಿಗೆ ನಾನು ನಿಂತ ಕಡೆ ಕಾಣುವುದಿಲ್ಲವೆಂಬುದು ಬಸ್ ಹೋದ ಮೇಲೆ ನೆನಪಾಯಿತು.

ಫಲಿತಾಂಶದಲ್ಲಿ ಅವಳ ನಂಬರ್ ಇರಲಿಲ್ಲ. ಇರುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ಅದಾದ ಭಾನುವಾರ ನಾನು ಅರಕಲಗೂಡಿಗೆ ಹೋದೆ. ಸಮಾಧಾನ ಮಾಡಲು ಹೋದೆ ಎಂದರೆ ಸುಳ್ಳಾಗುತ್ತದೆ. ನನ್ನ ಮನಸ್ಸಿನಲ್ಲಿ ಇನ್ನೂ ಕೋಪವಿತ್ತು. ಚೌಕ ಎಲ್ಲಿತ್ತು, ಹೇಗೆ ತಪ್ಪಿಸಿದಳು ಎಂದು ತೋರಿಸಿಯೇ ಬರಬೇಕೆಂದು ಹೋದೆ. ಗಿರಣಿ ಓಡುತ್ತಿತ್ತು. ಅಣ್ಣ ಹುಬ್ಬಿನ ಮೇಲೆಲ್ಲ ಹಿಟ್ಟು ಮಾಡಿಕೊಂಡು "ಬಂದ್ಯಾ" ಅಂದ. ಕಟ್ಟೆಯ ಮೇಲೆ ಡಬ್ಬಗಳಿದ್ದವು, ಮಕ್ಕಳಿದ್ದರು. ಮಗ್ಗಿಯ ಸದ್ದಿರಲಿಲ್ಲ.

ಒಳಗೆ ಅವಳ ಕಂಪ್ಯೂಟರಿನ ಮುಂದೆ ಕೂತು ಅರ್ಜಿಯ ಪುಟ ತೆರೆದೆ. ಕಪ್ಪು ಪರದೆ, ಹಳದಿ ಅಕ್ಷರ. ಕೆಳಗೆ ಇಳಿಸುತ್ತ ಬಂದೆ. "ನನಗೆ ಬರಹಗಾರರ ಸಹಾಯ ಬೇಕು." ಅದರ ಪಕ್ಕದಲ್ಲಿ ಏನೂ ಇರಲಿಲ್ಲ. ಹಸಿರಿಲ್ಲ, ಹಿತ್ತಾಳೆಯಿಲ್ಲ, ಬೂದು ಕೂಡ ಇಲ್ಲ. ಬರೀ ಕಪ್ಪು.

ಅವಳ ಏರ್ಪಾಟು ಬಣ್ಣಗಳ ಜತೆಗೆ ಹಿನ್ನೆಲೆಯ ಚಿತ್ರಗಳನ್ನೂ ತೆಗೆದುಹಾಕುತ್ತದೆ. ಕಣ್ಣಿಗೆ ಅಡ್ಡ ಬರುವುದನ್ನೆಲ್ಲ ತೆಗೆಯುವುದೇ ಅದರ ಕೆಲಸ. ನನ್ನ ಚಿತ್ರವೂ ಅಡ್ಡ ಬರುವುದರ ಲೆಕ್ಕಕ್ಕೆ ಸೇರಿ ಹೋಗಿತ್ತು. ನಿಜವಾದ ಚೌಕವಿದ್ದಿದ್ದರೆ ಅದು ದಪ್ಪ ಹಳದಿ ಅಂಚು ಹೊತ್ತುಕೊಂಡು ಎದ್ದು ಕಾಣುತ್ತಿತ್ತು. ಅದನ್ನು ನಾನೇ ಪರದೆಯಾಚೆ ತಳ್ಳಿದ್ದೆ.

"ನೀನು ಇಲ್ಲಿ ಒತ್ತಿದ್ಯಾ?" ಎಂದು ಕೇಳಿದೆ.

"ಒತ್ತಿದೆ ಚಿಕ್ಕಪ್ಪ. ಏನೂ ಬರ್ಲಿಲ್ಲ. ಸರಿಯಾಗ್ ಒತ್ತಿಲ್ವೇನೋ ಅಂತ ಇನ್ನೊಂದ್ ಸಲ ಒತ್ತಿದೆ. ಆಗ್ಲೂ ಏನೂ ಬರ್ಲಿಲ್ಲ."

"ಎರಡೇ ಸಲಾನಾ?"

"ಎರಡೇ ಸಲ."

ನಾನು ಕಣ್ಣು ಮುಚ್ಚಿಕೊಂಡೆ. ಸಾಲಿನ ಮೇಲೆ ಮೊದಲ ಸಲ ಒತ್ತಿದಾಗಲೇ, ಪರದೆಯಾಚೆ ಎಲ್ಲೋ, ಯಾರಿಗೂ ಕಾಣದ ನಿಜವಾದ ಚೌಕಕ್ಕೆ ಟಿಕ್ ಬಿದ್ದಿತ್ತು. ಎರಡನೆಯ ಸಲ ಒತ್ತಿದಾಗ ಅದು ಅಳಿಸಿಹೋಯಿತು. ಒಂದು ಸಲ ಒತ್ತಿ ಕೈಬಿಟ್ಟಿದ್ದರೆ ಬರಹಗಾರರು ಸಿಗುತ್ತಿದ್ದರು. ಮೂರು ಸಲ ಒತ್ತಿದ್ದರೂ ಸಿಗುತ್ತಿದ್ದರು. ಸರಿಯಾಗಿ ಕೆಲಸ ಮಾಡಬೇಕೆಂಬ ಹುಡುಗಿ, ಸರಿ ಮಾಡಲು ಇನ್ನೊಂದು ಸಲ ಒತ್ತಿದ್ದೇ ಅವಳಿಗೆ ಮುಳುವಾಯಿತು. ಕಳಿಸುವ ಮೊದಲು ತುಂಬಿದ್ದನ್ನೆಲ್ಲ ಒಂದು ಸಲ ತೋರಿಸುವ ಪುಟವನ್ನಾದರೂ ನಾನು ಇಡಬಹುದಿತ್ತು. ನೋಡಲು ಚೆನ್ನಾಗಿರುವುದಿಲ್ಲವೆಂದು ಬಿಟ್ಟಿದ್ದೆ.

"ನಂಗೆ ಅವತ್ತೇ ಫೋನ್ ಮಾಡಿ ಹೇಳ್ಬಾರ್ದಿತ್ತೇನೇ?" ಅಂದೆ.

"ನೀನು ಅಷ್ಟ್ ಚೆಂದಾಗ್ ಮಾಡಿದ್ದೀನಿ ಅಂದಿದ್ದಲ್ಲ ಚಿಕ್ಕಪ್ಪ. ಚೌಕ ಚೆನ್ನಾಗೇ ಇರ್ತದೆ, ನನ್ ಕಣ್ಣೇ ಸರಿ ಇಲ್ಲ ಅಂದ್ಕಂಡೆ."

ಹೊಳೆನರಸೀಪುರದ ಬೀದಿಯಲ್ಲಿ ನಾನು ಆಡಿದ ಮಾತು. ಬೋರ್ಡ್ ಇದ್ದಲ್ಲಿ ಚೌಕ, ಅಷ್ಟೇ ವ್ಯತ್ಯಾಸ. ಅವಳು ಚುಚ್ಚಲು ಆಡಲಿಲ್ಲ, ನೆನಪಿಟ್ಟುಕೊಂಡು ಆಡಿದಳೆಂದೂ ನನಗೆ ಅನ್ನಿಸಲಿಲ್ಲ. ಅದು ಅವಳಿಗೆ ಹದಿಮೂರರ ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು. ನಾನು ನಲವತ್ತರ ಗಂಡಸು, ಆ ಕಪ್ಪು ಪರದೆಯ ಮುಂದೆ ಕೂತು ಅತ್ತೆ. ಗಿರಣಿಯ ಸದ್ದಿನಲ್ಲಿ ಹೊರಗೆ ಯಾರಿಗೂ ಕೇಳಿಸಲಿಲ್ಲ.

ಮಾರನೆಯ ದಿನ ಬೆಳಗ್ಗೆಯೇ ಸಂಸ್ಥೆಗೆ ಹೋದೆ. ತಪ್ಪು ನನ್ನದು, ಹುಡುಗಿಯದಲ್ಲ, ಬೇಕಾದರೆ ಬರೆದುಕೊಡುತ್ತೇನೆ, ಅವಳಿಗೆ ಇನ್ನೊಂದು ಸಲ ಪರೀಕ್ಷೆ ಕೊಡಿ ಎಂದು ಕೇಳಿದೆ. ಅಲ್ಲಿನ ಮುಖ್ಯಸ್ಥರು ತಾಳ್ಮೆಯಿಂದ ಕೇಳಿಸಿಕೊಂಡರು. ಪಟ್ಟಿ ಹೊರಬಿದ್ದಾಗಿದೆ, ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಅಂದರು. "ಮುಂದಿನ ವರ್ಷ ನೋಡೋಣ" ಅಂದರು. ಮುಂದಿನ ವರ್ಷ ಅವಳಿಗೆ ಇಲ್ಲ ಅಂದೆ. ಅವರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದರು.

ನಾನೇ ಹೇಳಿಕೊಂಡದ್ದರಿಂದ ಅತ್ತಿಗೆಗೂ ವಿಷಯ ಗೊತ್ತಾಯಿತು. ಅವರು ಜಗಳವಾಡಲಿಲ್ಲ. ಆಮೇಲೆ ಹೋದಾಗಲೆಲ್ಲ ಊಟಕ್ಕೆ ಬಡಿಸಿ ಒಳಗೆ ಹೋಗಿಬಿಡುತ್ತಿದ್ದರು. ಬೈದಿದ್ದರೆ ಸುಖವಿತ್ತು. ನಾನು ಹೋಗುವುದೇ ಕಡಿಮೆಯಾಯಿತು. ಫೋನ್ ಮಾಡಲೂ ಮುಖವಿಲ್ಲ. ಭಾನುವಾರಗಳು ಮೊದಲು ಉದ್ದವಿದ್ದವು, ಈಗ ಮುಗಿಯುತ್ತಲೇ ಇರಲಿಲ್ಲ.

ಆ ವರ್ಷವೆಲ್ಲ ನಾನು ಮಾಡಿದ ಅರ್ಜಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಪರದೆಯನ್ನು ಅವಳ ಹಾಗೆ ಕಪ್ಪು ಮಾಡಿ ನೋಡಿದೆ. ಚಿತ್ರಗಳನ್ನು ಆರಿಸಿ, ಅಕ್ಷರವನ್ನು ಮೂರುಪಟ್ಟು ಹಿಗ್ಗಿಸಿ ನೋಡಿದೆ. ಮೌಸ್ ಕಿತ್ತಿಟ್ಟು ಬರೀ ಕೀಲಿಮಣೆಯಲ್ಲಿ ಒಂದು ಅರ್ಜಿ ತುಂಬಲು ಹೋದರೆ, ಅರ್ಧ ದಾರಿಗೆ ನಾನು ಯಾವ ಖಾನೆಯಲ್ಲಿದ್ದೇನೆಂದೇ ತಿಳಿಯಲಿಲ್ಲ. ನಿಂತ ಜಾಗ ತೋರಿಸುವ ಚುಕ್ಕಿ ಗೆರೆಯನ್ನು ಅಸಹ್ಯವೆಂದು ನಾನೇ ತೆಗೆದಿದ್ದೆ. ಅದನ್ನು ತಂದು ಹಾಕಿದೆ. ಮರೆಯಲ್ಲಿದ್ದ ಚೌಕಗಳನ್ನೆಲ್ಲ ಕರೆದು ಅವುಗಳ ಜಾಗದಲ್ಲಿ ಕೂರಿಸಿದೆ. ಬೂದು ಚೌಕಗಳು. ಒಂದು ಬ್ರೌಸರಿನಲ್ಲಿ ಚಪ್ಪಟೆ, ಇನ್ನೊಂದರಲ್ಲಿ ಉಬ್ಬು. "ಇದೇನ್ರೀ, ಹಳೇ ಕಾಲದ್ದಾಗೋಯ್ತಲ್ಲ?" ಎಂದು ಮಾಲೀಕರು ಕೇಳಿದರು. ಇರಲಿ ಬಿಡಿ ಸಾರ್ ಅಂದೆ.

ಮರುವರ್ಷ ಸಂಸ್ಥೆಯ ಅರ್ಜಿ ಮತ್ತೆ ತೆರೆಯುವ ಸಮಯ ಬಂತು. ಪುಟ ಸಿದ್ಧವಿತ್ತು. ನನಗೆ ತಿಳಿದ ಎಲ್ಲ ರೀತಿಯಲ್ಲೂ ನೋಡಿಯಾಗಿತ್ತು. ಆದರೂ ಕುಂಚ ತೊಳೆಯಲು ಮನಸ್ಸು ಬರಲಿಲ್ಲ. ಎರಡು ದಿನ ಫೋನಿನ ಹತ್ತಿರ ಹೋಗುವುದು, ವಾಪಸ್ ಬರುವುದು. ಮೂರನೆಯ ದಿನ ಧೈರ್ಯ ಮಾಡಿ ಅರಕಲಗೂಡಿಗೆ ಫೋನ್ ಮಾಡಿದೆ. ಅವಳೇ ಎತ್ತಿಕೊಂಡಳು. ಹಿಂದೆ ಗಿರಣಿಯ ಸದ್ದು.

"ಒಂದು ಪುಟ ಮಾಡಿದ್ದೀನಿ. ನಿನ್ನ ಕಂಪ್ಯೂಟರಲ್ಲಿ ನೋಡಿ ಹೇಳ್ತೀಯಾ?" ಅಂದೆ. ಯಾವ ಪುಟವೆಂದು ಹೇಳಲಿಲ್ಲ. ವಿಳಾಸ ಹೇಳಿದೆ. ಅವಳು ಒಂದೊಂದೇ ಅಕ್ಷರ ಒತ್ತುವುದು ಕೇಳಿಸಿತು. ಪುಟ ತೆರೆದಾಗ ಅವಳಿಗೆ ಗೊತ್ತಾಯಿತು. ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಚೆನ್ನಾಗೈತೆ ಅನ್ಬೇಡ," ಅಂದೆ. "ಕಾಣ್ತದಾ ಇಲ್ವಾ, ಅಷ್ಟ್ ಹೇಳು."

ಅವಳು ಮೇಲಿನಿಂದ ನಿಧಾನವಾಗಿ ನೋಡುತ್ತ ಬಂದಳು. ಎರಡು ಕಡೆ ತಪ್ಪು ಹೇಳಿದಳು. ಒಂದು ಸಾಲು ಪರದೆಯಿಂದ ಹೊರಗೆ ಹೋಗುತ್ತದೆ ಅಂದಳು, ಒಂದು ಸೂಚನೆಯ ಅಕ್ಷರ ಕಪ್ಪಿನಲ್ಲಿ ಮುಳುಗಿದೆ ಅಂದಳು. ನನ್ನ ಕೆಲಸದಲ್ಲಿ ಅವಳು ತಪ್ಪು ಹೇಳಿದ್ದು ಹದಿನೈದು ವರ್ಷಗಳಲ್ಲಿ ಅದೇ ಮೊದಲು. ನಾನು ಎರಡನ್ನೂ ಬರೆದುಕೊಂಡೆ. ಆಮೇಲೆ ಆ ಸಾಲಿಗೆ ಬಂದಳು.

"ಚೌಕ ಕಾಣ್ತೈತೆ ಚಿಕ್ಕಪ್ಪ. ಹಳದಿ ಅಂಚು, ದಪ್ಪಕೈತೆ."

"ಒತ್ತು."

"ಒತ್ತಿದೆ. ಟಿಕ್ ಬಂತು." ತುಸು ಹೊತ್ತು ಬರೀ ಗಿರಣಿಯ ಸದ್ದು. "ಇನ್ನೊಂದ್ ಸಲ ಒತ್ತಿದೆ. ಓಯ್ತು. ಸರಿಯಾಗೈತೆ."

ನಾನು ತಪ್ಪು ಬರೆದುಕೊಂಡ ಕಾಗದದ ಮೇಲೆ ಒಂದು ಟಿಕ್ ಎಳೆದೆ. ನಾನು ಫೋನಿಟ್ಟೆನೆಂದುಕೊಂಡಳೋ ಏನೋ, "ಚಿಕ್ಕಪ್ಪ, ಇದ್ದೀಯಾ?" ಅಂದಳು. ಇದ್ದೀನಿ ಅಂದೆ.

"ಕೆಳಗೆ ಅರ್ಜಿ ಕಳಿಸೋ ಗುಂಡಿನೂ ಕಾಣ್ತೈತೆ," ಅಂದಳು. "ಅದ್ನ ಮಾತ್ರ ನಾನು ಒತ್ತಲಿಲ್ಲ."